ಊರಿನ ಜೀರ್ಣೋದ್ಧಾರ: ತಲಕಾಡು, ನಂಜನಗೂಡು, ಬದನವಾಳುಗಳ ಚರಿತ್ರೆಯಿಂದ

ದೇವಾಲಯಗಳ ಜೀರ್ಣೋದ್ಧಾರವನ್ನು ಕುರಿತು ಆಗಮಗಳಲ್ಲಿಯೂ ಶಿಲ್ಪಗ್ರಂಥಗಳಲ್ಲಿಯೂ ವಿಸ್ತಾರವಾದ ವಿಧಿಗಳಿರುವುವು. ಮಯಮತವು ಈ ವಿಷಯಕ್ಕೆ ಅನುಕರ್ಮವಿಧಾನವೆಂಬ ಪ್ರತ್ಯೇಕವಾದ ಅಧ್ಯಾಯವನ್ನೇ ಮೀಸಲಾಗಿರಿಸಿದೆ. ಈ ವಿಧಿಗಳ ಒಟ್ಟು ತಾತ್ಪರ್ಯವು ಗಮನಾರ್ಹವಾದುದು. ಜೀರ್ಣವಾದ ಗರ್ಭಗೃಹವನ್ನು ಬಿಚ್ಚುವುದಕ್ಕೆ ಮೊದಲು ಮೂಲಮೂರ್ತಿಯಲ್ಲಿರುವ ಕಲೆಯನ್ನು ಆಕರ್ಷಿಸಿ ಕುಂಭದಲ್ಲಿ ನೆಲೆಗೊಳಿಸಿ, ಬಾಲಾಲಯವೆಂಬ ಚಿಕ್ಕ ಗುಡಿಯಲ್ಲಿರಿಸಿಕೊಂಡು, ನಿತ್ಯಪೂಜೆಗೆ ಲೋಪ ಬಾರದಂತೆ ನಡೆಸಬೇಕು. ಕಟ್ಟಡದ ಕೆಲಸವು ಪೂರೈಸಿದ ಬಳಿಕ ಆ ಕಲೆಯನ್ನು ಮರಳಿ ಮೂಲಸ್ಥಾನದಲ್ಲಿ ಪ್ರತಿಷ್ಠಿಸಬೇಕು. ಕಲ್ಲುಕೆಲಸವು ಎಷ್ಟೇ ಸೊಗಸಾಗಿದ್ದರೂ ಈ ಕಡೆಯ ಕಾರ್ಯವು ನಡೆಯದಿದ್ದರೆ ಅಲ್ಲಿ ನಿಂತಿರುವುದು ಕಟ್ಟಡವೇ ಹೊರತು ಆಲಯವಲ್ಲ.

ದೇವಾಲಯಗಳಂತೆ ಊರುಗಳಿಗೂ ಜೀರ್ಣದಶೆಯುಂಟು. ರಾಜಧಾನಿಗಳು ಕುಗ್ರಾಮಗಳಾಗುವುದು, ಕಸಬುದಾರರ ಕೇರಿಗಳು ಬರಿದಾಗುವುದು, ಪ್ರಾಯದವರು ಊರುಬಿಟ್ಟು ವೃದ್ಧರಷ್ಟೇ ಜಗಲಿಯ ಮೇಲೆ ಉಳಿಯುವುದು ಇವೆಲ್ಲ ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ಕಂಡುಬರುವ ಸಂಗತಿಗಳು. ಇಂತಹ ಊರುಗಳನ್ನು ಮತ್ತೆ ಎತ್ತಿನಿಲ್ಲಿಸುವ ಪ್ರಯತ್ನಗಳೂ ಹಿಂದಿನಿಂದ ನಡೆದುಬಂದಿವೆ. ಆದರೆ ದೇವಾಲಯದ ವಿಷಯದಲ್ಲಿ ಆಗಮಗಳು ಸ್ಪಷ್ಟವಾಗಿ ತಿಳಿಸಿರುವುದನ್ನು ಊರಿನ ವಿಷಯದಲ್ಲಿ ಯಾರೂ ಅಷ್ಟು ಸ್ಪಷ್ಟವಾಗಿ ತಿಳಿಸಿದಂತಿಲ್ಲ. ಊರಿನ ಕಲೆ ಯಾವುದು? ಅದು ಜೀರ್ಣವಾಗಿರುವ ಕಾಲದಲ್ಲಿ ಆ ಕಲೆಯು ಯಾವ ಬಾಲಾಲಯದಲ್ಲಿ ಉಳಿದಿರುತ್ತದೆ? ಅದನ್ನು ಮರಳಿ ಪ್ರತಿಷ್ಠಿಸುವವರು ಯಾರು? ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಪ್ರಶ್ನೆಗಳಿಗೆ ಕೆಲಮಟ್ಟಿಗೆ ಉತ್ತರವು ದೊರೆಯುವುದು.

ಮೊದಲನೆಯದಾಗಿ ತಲಕಾಡನ್ನು ತೆಗೆದುಕೊಳ್ಳಬಹುದು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರ ಹೆಸರಿನಿಂದ ಈ ಊರಿಗೆ ಹೆಸರಾಯಿತೆಂದು ಸ್ಥಳಪುರಾಣವು ಹೇಳುತ್ತದೆ. ಗಂಗರ ತಾಮ್ರಶಾಸನಗಳಲ್ಲಿ ಇದು ತಳವನಪುರವೆಂದು ವ್ಯವಹೃತವಾಗಿದೆ. ಕೋಲಾರದಿಂದ ಹೊರಟ ಗಂಗರು ಕಾವೇರಿಯ ತೀರದ ಈ ಸ್ಥಳವನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡು ಹಲವು ಶತಮಾನಗಳ ಕಾಲ ಆಳಿದರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಇದನ್ನು ಗೆದ್ದು ರಾಜರಾಜಪುರವೆಂದು ಕರೆದರು. ಬಳಿಕ ಹೊಯ್ಸಳ ವಿಷ್ಣುವರ್ಧನನು ಚೋಳರ ಸಾಮಂತನನ್ನು ಓಡಿಸಿ ತಲಕಾಡನ್ನು ವಶಪಡಿಸಿಕೊಂಡನು. ಈ ವಿಜಯವು ಎಷ್ಟು ಮಹತ್ತಾದುದೆಂದು ಭಾವಿಸಲ್ಪಟ್ಟಿತೆಂದರೆ, ಆತನು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿ ತನ್ನ ಚಿನ್ನದ ನಾಣ್ಯಗಳ ಮೇಲೆಯೂ ಅದನ್ನು ಅಚ್ಚೊತ್ತಿಸಿದನು. ಅದರ ಸ್ಮಾರಕವಾಗಿ ಕ್ರಿ.ಶ. 1117ರಲ್ಲಿ ಕೀರ್ತಿನಾರಾಯಣನ ಪ್ರತಿಷ್ಠೆಯೂ ಆಯಿತು. ಹೀಗೆ ಮೂರು ರಾಜವಂಶಗಳಿಗೆ ಬೇಕಾದ ಊರು ತಲಕಾಡು.

ಇಂತಹ ಊರು ಮರಳಿನ ಕೆಳಗೆ ಹೂತುಹೋದುದು ಹೇಗೆ? ಇದಕ್ಕೆ ಜನರಲ್ಲಿ ಪ್ರಸಿದ್ಧವಾಗಿರುವ ಕಾರಣವು ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ತಲಕಾಡಿಗೆ ಸರಿದನೆಂದೂ, ಆತನ ಪತ್ನಿಯು ಆಭರಣಗಳಿಗಾಗಿ ಬೆನ್ನಟ್ಟಲ್ಪಟ್ಟು, ತಲಕಾಡು ಮರಳಾಗಲೆಂದೂ ಮಾಲಂಗಿಯಲ್ಲಿ ಹೊಳೆಯು ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದಾಗಲೆಂದೂ ಶಪಿಸಿ ಕಾವೇರಿಗೆ ಧುಮುಕಿದಳೆಂದೂ ಕಥೆಯುಂಟು. ಈ ಕಥೆಯನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಬಿಡುವುದು ಯುಕ್ತವಲ್ಲ. ಒಂದು ಊರಿನ ನಾಶಕ್ಕೆ ಅನ್ಯಾಯವೇ ಕಾರಣವೆಂಬ ಜನಾಭಿಪ್ರಾಯವು ಅದರಲ್ಲಿ ಅಡಗಿದೆ. ಆದರೆ ಮರಳಿಗೆ ಕಾರಣವನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ತಲಕಾಡಿನ ಬಳಿ ಕಾವೇರಿಯು ದೊಡ್ಡದೊಂದು ತಿರುವನ್ನು ತೆಗೆದುಕೊಳ್ಳುತ್ತದೆ. ಇಂತಹ ತಿರುವಿನ ಒಳಮಗ್ಗುಲಲ್ಲಿ ನೀರಿನ ವೇಗವು ಕಡಮೆಯಾದುದರಿಂದ ಮರಳು ನಿಲ್ಲುವುದು ಸಹಜ. ಊರಿಗೆ ಮೇಲ್ಗಡೆಯಲ್ಲಿ ವಿಜಯನಗರದ ಕಾಲದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟಿರುವುದು. ಅಣೆಯಿಂದಾಗಿ ಕೆಳಗಿನ ಪಾತ್ರದಲ್ಲಿ ನೀರು ಇಳಿದು ಮರಳು ಬಿಸಿಲಿಗೆ ತೆರೆದುಕೊಂಡಿತು. ಆಷಾಢದ ಗಾಳಿಯು ನೈರುತ್ಯದಿಂದ ಬೀಸುವಾಗ ಆ ಒಣಮರಳನ್ನು ಹೊತ್ತುತಂದು ಊರಿನ ಮೇಲೆ ಸುರಿಯಿತು. ವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು ತಲಕಾಡಿನ ವೃತ್ತಾಂತವನ್ನು ಪರಿಸರದ ವಿಪತ್ತಿನ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಬಿ. ಎಲ್. ರೈಸ್ ಅವರ ಗೆಜೆಟಿಯರಿನ ಕಾಲಕ್ಕೆ ಮರಳಗುಡ್ಡೆಗಳು ವರ್ಷಕ್ಕೆ ಸುಮಾರು 9–10 ಅಡಿಗಳಷ್ಟು ಮುಂದುವರಿಯುತ್ತಿದ್ದುವು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಅಡಿಯಲ್ಲಿರುವುವೆಂದು ಪ್ರತೀತಿಯಿತ್ತು.

ಇಲ್ಲಿ ಸಾಮಾನ್ಯವಾಗಿ ಲಕ್ಷ್ಯಕ್ಕೆ ಬಾರದ ಒಂದಂಶವುಂಟು. ಯಾವ ಅಣೆಯು ಹಳೆಯ ಪುರವನ್ನು ಮರಳಿಗೆ ಒಪ್ಪಿಸಿತೋ ಅದೇ ಅಣೆಯ ಕಾಲುವೆಯು ಸುತ್ತಣ ಗದ್ದೆಗಳಿಗೆ ನೀರುಣಿಸಿತು. ಮರಳು ಮುಂದುವರಿದಂತೆಲ್ಲ ತಲಕಾಡಿನ ಜನರು ಮನೆಗಳನ್ನು ಬಿಟ್ಟು ಹಿಂದೆ ಸರಿದು ಹೊಸ ಬೀದಿಗಳನ್ನು ಕಟ್ಟಿಕೊಂಡರು. ಆದರೆ ಊರಿನ ಹೆಸರನ್ನೂ ದೇವರನ್ನೂ ಉತ್ತು ಬಿತ್ತುವ ಕೆಲಸವನ್ನೂ ಬಿಡಲಿಲ್ಲ. ರಾಜಧಾನಿಯು ಅಳಿಯಿತು, ಊರು ಅಳಿಯಲಿಲ್ಲ. ಆಗಮದ ಪರಿಭಾಷೆಯಲ್ಲಿ ಹೇಳುವುದಾದರೆ ಮರಳಿನಾಚೆಯ ಗದ್ದೆಬಯಲೇ ತಲಕಾಡಿನ ಬಾಲಾಲಯವಾಯಿತು. ಅರಸರು ಕಟ್ಟಿದುದು ಮರಳಿನಲ್ಲಿ ಮುಚ್ಚಿಹೋದಾಗ ಒಕ್ಕಲು ಮಕ್ಕಳು ಊರಿನ ಕಲೆಯನ್ನು ಕಾಪಾಡಿದರು.

ಹೂತುಹೋದ ಪುರವನ್ನು ಮೇಲೆತ್ತುವ ಪ್ರಯತ್ನಗಳೂ ನಡೆದಿವೆ. 1990ರ ದಶಕದಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯೂ ಮೈಸೂರು ವಿಶ್ವವಿದ್ಯಾನಿಲಯವೂ ಉತ್ಖನನ ನಡೆಸಿದುವು. ಕೀರ್ತಿನಾರಾಯಣ ದೇವಾಲಯವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಬಿಚ್ಚಿ ಪುನಃ ಜೋಡಿಸಿತು. ಕಾರ್ತಿಕಮಾಸದಲ್ಲಿ ವಿಶೇಷಯೋಗವು ಕೂಡಿಬಂದಾಗ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಮತ್ತು ಮುಡುಕುತೊರೆಯ ಮಲ್ಲಿಕಾರ್ಜುನ ಎಂಬ ಪಂಚಲಿಂಗಗಳ ದರ್ಶನವು ನಡೆಯುತ್ತದೆ. 2009, 2013 ಮತ್ತು 2020ರಲ್ಲಿ ಹೀಗೆ ನಡೆಯಿತು. ತಾಲ್ಲೂಕಿನ ಮುಖ್ಯಸ್ಥಳವಾದ ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆಗಳೊಂದಿಗೆ ಗುಪ್ತವಾದ ಸ್ಫಟಿಕಸರೋವರವು ಕೂಡುವುದೆಂದು ನಂಬಲಾಗಿರುವ ಸಂಗಮದಲ್ಲಿ, 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳವನ್ನು ನಡೆಸುವ ಸಂಪ್ರದಾಯವು ಏರ್ಪಟ್ಟಿತು. ಸಂಗಮದ ಮಹಿಮೆಯು ಹಳೆಯದು, ಮೇಳವು ಹೊಸದು. 2019ರಲ್ಲಿಯೂ 2025ರಲ್ಲಿಯೂ ಫೆಬ್ರವರಿ ತಿಂಗಳಿನಲ್ಲಿ ಅದು ಮೂರು ದಿನಗಳ ಕಾಲ ನಡೆಯಿತು. ಇಂತಹ ಸಮಯಗಳಲ್ಲಿ ರಸ್ತೆಗಳು ದುರಸ್ತಿಯಾಗುವುವು, ಸೋಪಾನಗಳು ಶುಚಿಯಾಗುವುವು, ಅಂಗಡಿಮುಂಗಟ್ಟುಗಳು ತುಂಬುವುವು. ಇವು ಸಣ್ಣ ಪ್ರಯೋಜನಗಳಲ್ಲ. ಆದರೆ ಯಾತ್ರಿಕನು ಮೂರು ದಿನದ ಅತಿಥಿ. ವರ್ಷದ ಉಳಿದ ದಿನಗಳಲ್ಲಿ ಊರನ್ನು ಹೊರುವವನು ಊರಿನವನೇ. ಆದುದರಿಂದ ಉತ್ಸವವು ಊರಿನ ಕಲೆಯನ್ನು ಬೆಳಗಬಲ್ಲುದೇ ಹೊರತು ಅದನ್ನು ಉಂಟುಮಾಡಲಾರದು.

ಕಪಿಲೆಯ ದಡದಲ್ಲಿಯೇ ಮೇಲಕ್ಕೆ ನಡೆದರೆ ನಂಜನಗೂಡು ಸಿಕ್ಕುವುದು. ಇದು ಅಳಿದು ಉಳಿದ ಊರಲ್ಲ. ಕಾಲಕಾಲಕ್ಕೆ ಜೀರ್ಣೋದ್ಧಾರವನ್ನು ಪಡೆದುದರಿಂದಲೇ ಅಳಿಯದೆ ನಿಂತ ಊರು. ಆದುದರಿಂದ ತಲಕಾಡಿನೊಡನೆ ಹೋಲಿಸಿ ನೋಡಲು ತಕ್ಕುದಾಗಿದೆ. ಶ್ರೀಕಂಠೇಶ್ವರನ ಆಲಯವು ಪುರಾತನವಾದುದು. ಮೈಸೂರಿನ ಅರಸರ ಕಾಲದಲ್ಲಿ ಅದು ವಿಸ್ತಾರಗೊಂಡಿತು. ಇಂದು ದೂರದಿಂದಲೇ ಕಾಣುವ ರಾಜಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಿರ್ಮಾಣ. ಟಿಪ್ಪು ಸುಲ್ತಾನನು ಈ ದೇವರನ್ನು ಹಕೀಮ್ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದು ಪ್ರತೀತಿಯುಂಟು. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವುವು.

ಆದರೆ ನಂಜನಗೂಡಿನ ಉಳಿವಿಗೆ ಗೋಪುರವೊಂದೇ ಕಾರಣವಲ್ಲ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ದಳವಾಯಿ ದೇವರಾಜಯ್ಯನು ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯು ಮೈಸೂರಿಗೂ ದಕ್ಷಿಣದ ಸೀಮೆಗೂ ದಾರಿಯನ್ನು ತೆರೆಯಿತು. 1891ರಲ್ಲಿ ಮೈಸೂರಿನಿಂದ ರೈಲುಮಾರ್ಗವು ಬಂದಾಗ ಅದೇ ಹಳೆಯ ಸೇತುವೆಯು ಗಾಡಿಗಳ ಜೊತೆಗೆ ರೈಲನ್ನೂ ಹೊತ್ತಿತು. ನಾಡಿನಲ್ಲಿ ಪ್ರಸಿದ್ಧವಾದ ನಂಜನಗೂಡಿನ ಹಲ್ಲುಪುಡಿಯು 1913ರಲ್ಲಿ ಸ್ಥಾಪಿತವಾದ ಸದ್ವೈದ್ಯಶಾಲೆಯಿಂದ ಹೊರಟು ಊರಿನ ಹೆಸರನ್ನು ಮನೆಮನೆಗೂ ಒಯ್ದಿತು. ಹೊಲಗಳಲ್ಲಿ ರಸಬಾಳೆಯು ಬೆಳೆಯಿತು. ಪನಾಮಾ ಸೊರಗುರೋಗವೆಂಬ ಬೇರಿನ ಬೇನೆಯಿಂದ ಈ ಬಾಳೆಯು ಬಹಳ ಕ್ಷೀಣಿಸಿತು. 2005–06ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯು ದೊರೆಯಿತು. ಇಲ್ಲಿಯೂ ಒಂದು ಪಾಠವುಂಟು. ಹೆಸರಿಗೆ ರಕ್ಷಣೆಯು ದೊರೆತ ಮಾತ್ರಕ್ಕೆ ಬೇರಿಗೆ ರಕ್ಷಣೆಯು ದೊರೆಯುವುದಿಲ್ಲ. ರೋಗವಿಲ್ಲದ ಕಂದನ್ನು ತಂದು ನೆಡುವ, ಮಣ್ಣನ್ನು ಕಾಯುವ ರೈತನಿದ್ದರೆ ಮಾತ್ರ ಆ ಹೆಸರಿಗೆ ಅರ್ಥವುಂಟು. ಒಟ್ಟಿನಲ್ಲಿ ಗೋಪುರದ ನೆರಳಿನಲ್ಲಿ ದಾರಿಯೂ ದುಡಿಮೆಯೂ ಎಡೆಬಿಡದೆ ಇದ್ದುದರಿಂದ ನಂಜನಗೂಡು ಉಳಿಯಿತು.

ರಾಜಾಶ್ರಯವೂ ತೀರ್ಥಮಹಿಮೆಯೂ ಇಲ್ಲದ ಸಾಧಾರಣ ಗ್ರಾಮದ ಗತಿಯೇನು? ಈ ಪ್ರಶ್ನೆಗೆ ಅದೇ ತಾಲ್ಲೂಕಿನ ಬದನವಾಳಿನ ಚರಿತ್ರೆಯು ಉತ್ತರ ಕೊಡುವುದು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದ ಮೇಲಿರುವ ಈ ಗ್ರಾಮದಲ್ಲಿ 1927ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಖಾದಿಯ ಕೇಂದ್ರವನ್ನು ತೆರೆಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ ಅವರು. 1925ರಲ್ಲಿ ಸ್ಥಾಪಿತವಾಗಿದ್ದ ಅಖಿಲ ಭಾರತ ಚರಕ ಸಂಘವು ಇದಕ್ಕೆ ನೆರವಾಯಿತು. ಗಾಂಧೀಜಿಯವರು ಸ್ವತಃ ಈ ಗ್ರಾಮಕ್ಕೆ ಬಂದು ಕೇಂದ್ರವನ್ನು ನೋಡಿದರು. ದೇಶೀಯ ಸಂಸ್ಥಾನವೊಂದರ ಸರ್ಕಾರವು ಆ ಕಾಲದಲ್ಲಿ ರಾಟೆಯನ್ನು ತನ್ನ ಆಡಳಿತದ ಕಾರ್ಯವಾಗಿ ಸ್ವೀಕರಿಸಿದುದು ಗಮನಿಸತಕ್ಕ ವಿಷಯ.

ಈ ಏರ್ಪಾಡಿನ ಆಧಾರವು ಸರಳವಾದುದು. ಮಳೆಯನ್ನು ನಂಬಿದ ಬೇಸಾಯದಲ್ಲಿ ಸುಗ್ಗಿಯು ಮುಗಿದ ಮೇಲೆ ಮುಂಗಾರಿನವರೆಗೆ ಕೆಲಸವಿರುವುದಿಲ್ಲ. ಆ ಬಿಡುವಿನ ತಿಂಗಳುಗಳಲ್ಲಿ ಹತ್ತಿಯನ್ನು ಹಿಂಜಿ ಹಂಜಿ ಮಾಡಿ ನೂಲು ತೆಗೆದು ಲಡಿ ಕಟ್ಟಿ ಕೇಂದ್ರಕ್ಕೆ ಒಪ್ಪಿಸಿದರೆ ಕೂಲಿ ದೊರೆಯುವುದು. ಆ ನೂಲು ಮಗ್ಗಕ್ಕೆ ಹೋಗಿ ಬಟ್ಟೆಯಾಗುವುದು. ನೆಲವಿಲ್ಲದವಳೂ ವಿಧವೆಯೂ ಮುದುಕಿಯೂ ಮಾಡಬಹುದಾದ ಕೆಲಸವಿದು. ನೂಲುವುದರ ಜೊತೆಗೆ ಇತರ ಗ್ರಾಮೋದ್ಯೋಗಗಳೂ ಕೇಂದ್ರದಲ್ಲಿ ಸೇರಿಕೊಂಡುವು. ಸಮೀಪದ ತಗಡೂರಿನಲ್ಲಿ ತಗಡೂರು ರಾಮಚಂದ್ರರಾಯರು ಖಾದಿಯ ಪ್ರಚಾರವನ್ನೂ ಅಸ್ಪೃಶ್ಯತೆಯ ನಿವಾರಣೆಯನ್ನೂ ಬೇರೆ ಬೇರೆಯೆಂದೆಣಿಸದೆ ಒಂದೇ ವ್ರತವಾಗಿ ನಡೆಸಿದರು. ಈ ಎರಡನ್ನೂ ಒಂದಾಗಿ ಕಂಡುದು ಎಷ್ಟು ಯುಕ್ತವಾಗಿತ್ತೆಂಬುದನ್ನು ಬದನವಾಳಿನ ಮುಂದಿನ ಚರಿತ್ರೆಯೇ ತೋರಿಸಿತು.

ಸ್ವಾತಂತ್ರ್ಯಾನಂತರ ಗಿರಣಿಯ ಬಟ್ಟೆಯ ಅಗ್ಗದ ಬೆಲೆಯ ಮುಂದೆ ಕೈನೂಲಿಗೆ ನಿಲುವು ಕಷ್ಟವಾಯಿತು. ನೂಲುವವಳ ಕೂಲಿಯು ಕಾಲಕ್ಕೆ ತಕ್ಕಂತೆ ಏರಲಿಲ್ಲ. ನಂಜನಗೂಡು ಮೈಸೂರುಗಳಲ್ಲಿ ಕಾರ್ಖಾನೆಗಳು ಎದ್ದಮೇಲೆ ಪ್ರಾಯದವರು ಅತ್ತ ನಡೆದರು. ಕೇಂದ್ರದ ಕಟ್ಟಡಗಳಲ್ಲಿ ಅನೇಕವು ಹೆಂಚು ಬಿದ್ದು ಗೋಡೆ ಬಿರುಕುಬಿಟ್ಟು ಶಿಥಿಲವಾದುವು. ಕೆಲವೇ ಮಂದಿ ಹೆಂಗಸರು ರಾಟೆಯ ಮುಂದೆ ಉಳಿದರು. ತಲಕಾಡನ್ನು ಮರಳು ಮುಚ್ಚಿದಂತೆ ಬದನವಾಳನ್ನು ಮುಚ್ಚಿದುದು ಅಲಕ್ಷ್ಯ.

ಆದರೆ ಈ ಗ್ರಾಮಕ್ಕೆ ಇದಕ್ಕಿಂತ ದೊಡ್ಡ ಆಘಾತವು ಬೇರೆಯ ಕಡೆಯಿಂದ ಬಂದಿತು. ಗ್ರಾಮದ ಸಿದ್ದೇಶ್ವರ ದೇವಾಲಯದ ಪ್ರವೇಶದ ವಿವಾದವು ಬೆಳೆದು 1993ರ ಮಾರ್ಚಿಯಲ್ಲಿ ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಕೇರಿಗೂ ನಡುವಣ ಹಾದಿಯು ಅಂದಿನಿಂದ ಬಳಕೆ ತಪ್ಪಿತು. ಗಾಂಧೀಜಿಯವರ ಪಾದಸ್ಪರ್ಶದಿಂದ ಪ್ರಸಿದ್ಧವಾಗಿದ್ದ ಗ್ರಾಮದ ಹೆಸರು ಈ ಹತ್ಯೆಗಳಿಂದ ನಾಡಿನಲ್ಲೆಲ್ಲ ಕೇಳಿಬರುವಂತಾಯಿತು.

ಈ ಘಟನೆಯನ್ನು ಗ್ರಾಮೋದ್ಧಾರದ ಚರಿತ್ರೆಯಿಂದ ಹೊರಗಿಟ್ಟು, ಅದು ಜಾತಿಕಲಹದ ವಿಷಯ, ಇದು ಕಸಬಿನ ವಿಷಯ ಎಂದು ವಿಭಾಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಚರಿತ್ರೆಯ ಅರ್ಥವೇ ತಪ್ಪಿಹೋಗುವುದು. ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ರಾಟೆಯು ತಿರುಗಿದ ಗ್ರಾಮದಲ್ಲಿ, ದೇವರ ಬಾಗಿಲನ್ನು ದಾಟುವ ವಿಷಯಕ್ಕೆ ಮನುಷ್ಯರ ಪ್ರಾಣ ಹೋಯಿತು. ರಾಟೆಯು ಕೂಲಿಯನ್ನು ಕೊಟ್ಟಿತು. ಕೇರಿಗೂ ಕೇರಿಗೂ ನಡುವೆ ಇರಬೇಕಾದ ನಂಟನ್ನು ಅದೊಂದೇ ಕೊಡಲಾರದೆ ಹೋಯಿತು. ಹಾಸಿನ ಎಳೆಗಳು ಎಷ್ಟೇ ಬಲವಾಗಿದ್ದರೂ ಹೊಕ್ಕಿನ ಎಳೆಯು ಅಡ್ಡಲಾಗಿ ಹಾಯದಿದ್ದರೆ ಬಟ್ಟೆಯಾಗುವುದಿಲ್ಲವೆಂಬುದನ್ನು ನೇಕಾರರ ಊರಿಗೆ ಬೇರೆಯವರು ಹೇಳಬೇಕಾಗಿಲ್ಲ.

2015ರಲ್ಲಿ ರಂಗಕರ್ಮಿಗಳಾದ ಪ್ರಸನ್ನ ಅವರು ಬದನವಾಳಿನ ಶಿಥಿಲವಾದ ಖಾದಿ ಕೇಂದ್ರವನ್ನೇ ತಮ್ಮ ಸತ್ಯಾಗ್ರಹದ ಸ್ಥಳವನ್ನಾಗಿ ಆರಿಸಿಕೊಂಡರು. ಇವರು ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕವೆಂಬ ಮಹಿಳೆಯರ ಕೈಮಗ್ಗದ ಸಹಕಾರ ಸಂಸ್ಥೆಯನ್ನು ಕಟ್ಟಿ ಅನುಭವವನ್ನು ಪಡೆದಿದ್ದವರು. ಹಲವು ವಾರಗಳ ಕಾಲ ಅಲ್ಲಿ ಕೈದುಡಿಮೆ ನಡೆಯಿತು. ಏಪ್ರಿಲ್ 19ರಂದು ಸುಸ್ಥಿರ ಬದುಕನ್ನು ಕುರಿತ ರಾಷ್ಟ್ರೀಯ ಸಮಾವೇಶವು ಸೇರಿತು. ಕೈಯಿಂದ ದುಡಿಯುವವರು ಹಿಂದುಳಿದವರಲ್ಲ, ಮುಂದಿನ ಕಾಲಕ್ಕೆ ಬೇಕಾದ ಸರಳ ಜೀವನವನ್ನು ಬಲ್ಲವರು ಎಂಬುದು ಆ ಸತ್ಯಾಗ್ರಹದ ಸಾರ. ಮರೆತುಹೋಗಿದ್ದ ಕೇಂದ್ರವು ಮತ್ತೆ ನಾಡಿನ ಗಮನಕ್ಕೆ ಬಂದಿತು. ಸಮಾವೇಶವೊಂದರಿಂದ ಗ್ರಾಮದ ಬಡತನವು ತೀರುವುದೆಂದು ಯಾರೂ ಭಾವಿಸಲಾಗದು. ಆದರೆ ಜೀರ್ಣಗೊಂಡ ಕಟ್ಟಡದಲ್ಲಿ ಇನ್ನೂ ನೂಲುತ್ತಿದ್ದ ಕೆಲವು ಹೆಂಗಸರೇ ಆ ಸ್ಥಳದ ಕಲೆಯನ್ನು ಅಷ್ಟು ಕಾಲ ಉಳಿಸಿದ್ದವರೆಂಬುದು ಅಂದು ಎಲ್ಲರಿಗೂ ವಿದಿತವಾಯಿತು.

ಎರಡನೆಯ ಕಾರ್ಯವು 2022ರಲ್ಲಿ ನಡೆಯಿತು. ಆ ವರ್ಷದ ಅಕ್ಟೋಬರ್ 2ರಂದು ಭಾರತ ಜೋಡೋ ಯಾತ್ರೆಯ ಸಂದರ್ಭದಲ್ಲಿ ರಾಹುಲ್ ಗಾಂಧಿಯವರು ಬದನವಾಳಿಗೆ ಬಂದಾಗ, 1993ರಿಂದ ಮುಚ್ಚಿದ್ದ ಹಾದಿಗೆ ಕಲ್ಲು ಹಾಸಿ ಎರಡು ಕೇರಿಗಳ ಜನರು ಅದರ ಮೇಲೆ ನಡೆದರು. ಒಟ್ಟಿಗೆ ಕುಳಿತು ಊಟ ಮಾಡಿದರು. ರಾಜಕೀಯ ಯಾತ್ರೆಯೊಂದರ ಪ್ರಸಂಗದಲ್ಲಿ ನಡೆದುದರಿಂದ ಇದನ್ನು ಲಘುವಾಗಿ ಎಣಿಸುವವರು ಇರಬಹುದು. ಯಾರ ನಿಮಿತ್ತದಿಂದ ನಡೆಯಿತೆಂಬುದು ಅಮುಖ್ಯ. ನಾಳೆಯೂ ನಾಡಿದ್ದೂ ಆ ಹಾದಿಯಲ್ಲಿ ಯಾರು ನಡೆಯುವರೆಂಬುದು ಮುಖ್ಯ. ಇಪ್ಪತ್ತೊಂಬತ್ತು ವರ್ಷಗಳ ಕಾಲ ತುಳಿಯದ ಕೆಲವು ಗಜಗಳ ನೆಲವು ತಲಕಾಡಿನ ಮರಳಗುಡ್ಡೆಗಳಿಗಿಂತ ಅಗೆಯಲು ಕಠಿನವಾದುದಾಗಿತ್ತು.

ಹೀಗೆ ನೋಡಿದರೆ ಮೊದಲು ಎತ್ತಿದ ಪ್ರಶ್ನೆಗಳಿಗೆ ಉತ್ತರವು ಸ್ಪಷ್ಟವಾಗುವುದು. ಊರಿನ ಕಲೆಯೆಂದರೆ ಅಲ್ಲಿನ ಜನರ ದುಡಿಮೆ ಮತ್ತು ಆ ದುಡಿಮೆಯಿಂದ ಅವರಲ್ಲಿ ಏರ್ಪಡುವ ಸಂಬಂಧ. ಊರು ಜೀರ್ಣವಾದ ಕಾಲದಲ್ಲಿ ಆ ಕಲೆಯು ಅರಮನೆ ಗೋಪುರಗಳಲ್ಲಿ ಉಳಿಯುವುದಿಲ್ಲ. ಮರಳಿನಾಚೆಯ ಗದ್ದೆಯಲ್ಲಿ, ರೋಗವನ್ನು ಜಯಿಸಿದ ಒಂದು ಬಾಳೆಯ ಕಂದಿನಲ್ಲಿ, ಸೋರುವ ಚಾವಣಿಯ ಕೆಳಗಿನ ರಾಟೆಯಲ್ಲಿ ಉಳಿದಿರುತ್ತದೆ. ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಆ ಬಾಲಾಲಯವನ್ನು ಹುಡುಕಬೇಕು; ಅದನ್ನು ಹುಡುಕದೆ ಕಲ್ಲನ್ನು ಮಾತ್ರ ಎತ್ತಿದರೆ ನೋಟಕರಿಗೆ ಸ್ಮಾರಕವು ದೊರೆಯುವುದೇ ಹೊರತು ವಾಸಿಗಳಿಗೆ ಊರು ದೊರೆಯುವುದಿಲ್ಲ.

ಇನ್ನು ಪ್ರತಿಷ್ಠೆಯ ಮಾತು. ಆಲಯದಲ್ಲಿ ಕಲೆಯನ್ನು ಪ್ರತಿಷ್ಠಿಸಲು ಆಚಾರ್ಯನೊಬ್ಬನು ಸಾಕು. ಊರಿನಲ್ಲಿ ಅದಕ್ಕೆ ಎಲ್ಲ ಕೇರಿಗಳವರೂ ಬೇಕು. ಒಂದು ಕೇರಿಯವರನ್ನು ಹೊರಗಿಟ್ಟು ಮಾಡಿದ ಗ್ರಾಮೋದ್ಧಾರವು ಎಷ್ಟು ಧನವ್ಯಯದಿಂದ ನಡೆದರೂ ಅಪೂರ್ಣವೆಂಬುದಕ್ಕೆ ಬದನವಾಳೇ ಸಾಕ್ಷಿ. ಅಲ್ಲಿ ಹಾಸಿದ ಕಲ್ಲುಗಳು ಸವೆಯುವಷ್ಟು ಜನರು ಎರಡು ಕಡೆಗಳಿಂದಲೂ ಓಡಾಡಿದರೆ, ಆ ಸವೆತವೇ ಊರಿನ ಜೀರ್ಣೋದ್ಧಾರವು ಪೂರ್ಣವಾದುದರ ಗುರುತಾಗುವುದು.